ಕೈ ಸುಳ್ಳು ಹೇಳಿದ ವರ್ಷ

ಈರಪ್ಪ ಮಾಸ್ತರರ ಚಿತ್ರಕಲೆಯ ಕ್ಲಾಸಿನಲ್ಲಿ ಯಾರಾದರೂ ಮಾವಿನಕಾಯಿ ಬರೆದರೆ ಬೈಸಿಕೊಳ್ಳುತ್ತಿದ್ದರು. ಮಾವಿನಕಾಯಿ, ಹೂದಾನಿ, ಎರಡು ಗುಡ್ಡಗಳ ನಡುವೆ ಹುಟ್ಟುವ ಸೂರ್ಯ, ಗಣಪತಿ, ಎಲ್ಲಕ್ಕೂ ನಿಷೇಧ. "ಮೂವತ್ತು ವರ್ಷ ಸಾಲ್ಯಾಗ ಹುಡುಗರ ಕೈಲೆ ಮಾವಿನಕಾಯಿ ಬರಿಸೇನ್ರಿ. ಒಂದರೆ ಹಣ್ಣಾಗಲಿಲ್ಲ," ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಸಪ್ತಾಪುರದ ತಮ್ಮ ಮನೆಯ ಹೊರಕೋಣೆಯಲ್ಲಿ ಶನಿವಾರ ಸಂಜೆ ದೊಡ್ಡವರಿಗಾಗಿ ಕ್ಲಾಸು ನಡೆಸುತ್ತಿದ್ದರು. ಅಲ್ಲಿ ಬರೆಯಬೇಕಾದದ್ದು ಮನಸ್ಸಿನಲ್ಲಿದ್ದದ್ದನ್ನು ಮಾತ್ರ, ಅದೂ ಬರೀ ಗೆರೆ, ಚುಕ್ಕೆ, ಗೀರುಗಳಲ್ಲಿ. ಅವರು "ಸಿಟ್ಟು" ಎಂದರೆ ಸಿಟ್ಟು, "ಅಂಜಿಕಿ" ಎಂದರೆ ಅಂಜಿಕೆ. ಕಣ್ಣು ಮುಚ್ಚಿರಬೇಕು, ಕೈ ಎತ್ತಬಾರದು.

ಮಾಸ್ತರರು ಕುಳ್ಳನೆಯ ಆಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ; ಸಂಜೆಯ ಹೊತ್ತಿಗೆ ಅದರ ಪಕ್ಕದಲ್ಲೇ ಇದ್ದಿಲಿನ ಕರಿ ಬೆರಳಚ್ಚು. ಇದ್ದಿಲನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಹುಣಸೆಯ ಕಡ್ಡಿಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ಹಿತ್ತಲ ಒಲೆಯಲ್ಲಿ ಸುಡುವುದು. ಕಾಗದವೆಂದರೆ ಹಳೆಯ ಕ್ಯಾಲೆಂಡರಿನ ಬೆನ್ನು.

ನಾನು ಅಲ್ಲಿಗೆ ಹೋದದ್ದು ನಮ್ಮವರು ತೀರಿಕೊಂಡು ಆರು ತಿಂಗಳಾದ ಮೇಲೆ. ನಾನಿನ್ನೂ ಅತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಮೊದಲ ಪಾಠವೇ "ಕಂಪೋಸ್ ಯುವರ್‌ಸೆಲ್ಫ್, ಗರ್ಲ್ಸ್" ಎಂಬುದು. ಎಪ್ಪತ್ತು ದಾಟಿದರೂ ಐ ವಾಸ್ ಸ್ಟಿಲ್ ಕಂಪೋಸ್ಡ್. ಮಾಳಮಡ್ಡಿಯ ನೆರೆಹೊರೆಯವರು ನನ್ನ ಧೈರ್ಯವನ್ನು ಹೊಗಳುವುದನ್ನು ಕೇಳಿ ಕೇಳಿ ಬೇಸತ್ತು, ಒಂದು ಶನಿವಾರ ಆಟೋ ಹತ್ತಿ ಹೋಗಿಬಿಟ್ಟೆ.

ಅವತ್ತು ಮಾಸ್ತರರು "ದುಃಖ" ಎಂದರು. ನಾನು ಒಂದೇ ಗೆರೆಯನ್ನು ಅಲೆ ಅಲೆಯಾಗಿ, ಸಾಲು ಸಾಲಾಗಿ ಇಳಿಸಿದೆ. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು.

"ಬಾಯಾರ, ಕಣ್ಣ ಮುಚ್ಚಿಕೊಂಡೂ ಮಾರ್ಜಿನ್ ಬಿಟ್ಟೀರಲ್ರಿ!"

"ರೂಢಿ ಆಗ್ಯದರಿ, ಮಾಸ್ತರ."

"ದುಃಖಕ್ಕ ಯಾರರೆ ಮಾರ್ಜಿನ್ ಬಿಡ್ತಾರೇನ್ರಿ? ಇದು ದುಃಖ ಅಲ್ರಿ, ಹೋಂವರ್ಕು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದೆ ನಾಲ್ಕು ವರ್ಷ ಶನಿವಾರ ತಪ್ಪಿಸಲಿಲ್ಲ. ನನ್ನ ದುಃಖ ಮಾತ್ರ ಹೋಂವರ್ಕಾಗಿಯೇ ಉಳಿಯಿತು.

ಕ್ಲಾಸಿಗೆ ಗಂಡ ಹೆಂಡತಿ ಜೋಡಿಯೊಂದು ಬರುತ್ತಿತ್ತು. ಒಮ್ಮೆ "ಸಿಟ್ಟು" ಬರೆಯುವಾಗ ಆ ಹೆಣ್ಣುಮಗಳ ಇದ್ದಿಲು ಮೂರು ಸಲ ಮುರಿಯಿತು. ಗಂಡ ನೂಲಿನಂಥದ್ದೊಂದು ಗೆರೆ ಎಳೆದು ಕೈಕಟ್ಟಿ ಕೂತಿದ್ದರು. ಹೆಂಡತಿಯ ಹಾಳೆ ನೋಡಿ ಬೆಚ್ಚಿ, "ಯಾರ ಮ್ಯಾಲ ಇಷ್ಟು?" ಎಂದರು. ಆಕೆ ಅವರತ್ತ ತಿರುಗಿಯೂ ನೋಡದೆ, "ಮಾಸ್ತರ, ಇನ್ನೊಂದು ಹಾಳಿ ಕೊಡ್ರಿ, ಇದರಾಗ ಹಿಡಿಸಲಿಲ್ಲ," ಎಂದರು. ಮಾಸ್ತರರು ಎರಡು ಕೊಟ್ಟರು.

"ಬಾಯಿ ಸುಳ್ಳ ಹೇಳ್ತೈತಿ, ಮಾರಿ ಸುಳ್ಳ ಹೇಳ್ತೈತಿ. ಕೈ ಹೇಳಂಗಿಲ್ಲ." ಇದು ಅವರ ಮಾತು. ಅದನ್ನು ಅವರು ವಚನದಷ್ಟೇ ಗಟ್ಟಿಯಾಗಿ ನಂಬಿದ್ದರು.

ಆ ಕೋಣೆಯ ಒಂದು ಗೋಡೆಯ ಮೇಲೆ ಹನ್ನೊಂದು ಹಾಳೆಗಳಿದ್ದವು. ಹೆಂಡತಿ ಪಾರ್ವತೆವ್ವ ತೀರಿಕೊಂಡ ದಿನ ಮಾಸ್ತರರು ಪ್ರತಿವರ್ಷ ಒಂದು ಬರೆದು ಅಲ್ಲಿ ಹಚ್ಚುತ್ತಿದ್ದರು. ಮೊದಲನೆಯದು ಇಡೀ ಕಪ್ಪು, ತಿಕ್ಕಿ ತಿಕ್ಕಿ ಕಾಗದ ನಡುವೆ ಹರಿದಿತ್ತು. ಮೂರನೆಯದರಲ್ಲಿ ಬರೀ ಕುಟ್ಟಿದ ಗುರುತುಗಳು. ಹನ್ನೊಂದನೆಯದರಲ್ಲಿ ಕೆಳಗಿನ ಮೂಲೆಯಲ್ಲಿ ಒಂದು ತೆಳ್ಳನೆಯ ಬಾಗು, ಅಷ್ಟೇ.

"ದುಃಖ ಕಡಿಮಿ ಆಗ್ಯದೇನ್ರಿ?" ಎಂದು ಕೇಳಿಬಿಟ್ಟೆ. ನಾಟ್ ಎ ವೆರಿ ಪೊಲೈಟ್ ಕ್ವೆಶ್ಚನ್.

"ನನಗ ಮೊದಲ ಹೇಳಾಕ ಬರಂಗಿಲ್ರಿ," ಎಂದರು. "ಗೆರಿ ಹಾಕಿದ ಮ್ಯಾಲ ತಿಳೀತೈತಿ, ಈ ವರ್ಷ ಎಷ್ಟು ಉಳಿದೈತಿ ಅಂತ. ಆಕಿ ಭೆಟ್ಟಿ ಆಗೂದು ವರ್ಷಕ್ಕೊಮ್ಮೆ, ಅಲ್ಲೇ."

ಹೋದ ವರ್ಷ ಅವರ ಬಲಗೈ ನಡುಗತೊಡಗಿತು. ಮೊದಮೊದಲು ಚಹದ ಬಟ್ಟಲು ಸಪ್ಪಳ ಮಾಡಿತು, ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಡಾಕ್ಟರು ಪಾರ್ಕಿನ್ಸನ್ಸ್ ಎಂದರು. ಎಡಗೈಯೂ ಅದೇ ದಾರಿ ಹಿಡಿಯಿತು. ಕ್ಲಾಸು ನಿಂತಿತು.

ಒಂದು ಮುಂಜಾನೆ ಅವರ ಮಗಳು ಶೈಲಾ ಫೋನ್ ಮಾಡಿದಳು. "ಆಂಟಿ, ಲಗೂ ಬರ್ರಿ. ಇವತ್ತ ಅವ್ವ ಹೋದ ದಿನ. ಅಪ್ಪ ಎದ್ದಾಗಿಂದ ಹಾಳಿ ಹರ್ಯಾಕತ್ತಾರ."

ಹೋದಾಗ ನೆಲದ ತುಂಬ ಕಾಗದದ ಚೂರು. ಎಲ್ಲದರ ಮೇಲೂ ಗಡಗಡ ನಡುಗಿದ ಗೆರೆಗಳು. ಮಾಸ್ತರರು ಒಂದು ಚೂರನ್ನು ನನ್ನ ಮುಂದೆ ಹಿಡಿದರು.

"ನೋಡ್ರಿ ಬಾಯಾರ, ಇದು ಅಂಜಿಕಿ. ಯಾರಿಗೆ ತೋರಿಸಿದ್ರೂ ಅಂಜಿಕಿ ಅಂತಾರ. ನನಗ ಅಂಜಿಕಿ ಇಲ್ರಿ! ನನ್ನ ಕೈ ಸುಳ್ಳ ಹೇಳಾಕತ್ತೈತಿ."

ನಡುಕ ನಿಲ್ಲಲೆಂದು ಅವರ ಮಣಿಕಟ್ಟನ್ನು ಹಿಡಿದು ಬರೆಸಿ ನೋಡಿದೆ. ನಡುಕದ ಜೊತೆಗೆ ಗೆರೆಯೂ ನಿಂತಿತು, ಮುಂದೆ ಹೋಗಲಿಲ್ಲ. ಕೊನೆಗೆ ಅವರು, "ನೀವು ಹಾಕ್ರಿ. ನಾ ಹೇಳ್ತೇನಿ," ಎಂದರು.

ಕಣ್ಣು ಮುಚ್ಚಿದೆ. "ಸಾವಕಾಶ... ಕೆಳಗ ಬರ್ರಿ... ಒತ್ತಬ್ಯಾಡ್ರಿ... ಈಗ ಒತ್ತ್ರಿ..." ಸ್ವಲ್ಪ ಹೊತ್ತು ಅವರ ಮಾತಿನ ಹಿಂದೆ ಹೋದೆ. ಆಮೇಲೆ ಅವರ ದನಿ ಕೇಳಿಸುವುದು ಯಾವಾಗ ನಿಂತಿತೋ ತಿಳಿಯದು. ಆಸ್ಪತ್ರೆಯಲ್ಲಿ ನಮ್ಮವರು ಕೊನೆಯ ಸಲ ನೀರು ಕೇಳಿದ್ದು, ನಾನು ನರ್ಸಿಗಾಗಿ ಕಾಯುತ್ತ ಕೊಡದೆ ಇದ್ದದ್ದು, ಅದೊಂದೇ ಕಣ್ಣೊಳಗೆ ಇತ್ತು. ಇದ್ದಿಲು ಮುರಿದಾಗ ಕಣ್ಣು ಬಿಟ್ಟೆ. ಶೈಲಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಮಾಸ್ತರರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಛಲೋ ಆಗೈತ್ರಿ," ಎಂದರು, ಮೆಲ್ಲಗೆ. "ಖರೇ ಐತಿ. ಆದ್ರ ಇದು ಪಾರ್ವತೆವ್ವಂದಲ್ರಿ. ಇದು ನಿಮ್ಮ ಯಜಮಾನರದು. ಮನಿಗೆ ಒಯ್ರಿ."

ನನ್ನ ಕಣ್ಣೀರು ಅಂದು ಹರಿಯಿತು, ಸಂಕಟಕ್ಕಿಂತ ಹೆಚ್ಚು ನಾಚಿಕೆಯಿಂದ. ಅವರ ಹೆಂಡತಿಯ ದಿನವನ್ನು ನನ್ನದಕ್ಕೆ ಬಳಸಿಕೊಂಡುಬಿಟ್ಟಿದ್ದೆ. ಹೌ ಕುಡ್ ಐ? "ಇನ್ನೊಮ್ಮೆ ಹಾಕ್ತೀನ್ರಿ," ಎಂದೆ. ಅವರು ತಲೆಯಾಡಿಸಿದರು. "ಬ್ಯಾಡ್ರಿ. ಒಬ್ಬರದು ಇನ್ನೊಬ್ಬರು ಹಾಕಾಕ ಬರಂಗಿಲ್ಲ. ನನಗ ತಿಳೀಬೇಕಿತ್ತು."

ಶೈಲಾ ಸಮಾಧಾನಕ್ಕೆಂದು, "ಅಪ್ಪಾ, ಈ ವರ್ಷ ಖಾಲಿ ಹಾಳಿನ ಹಚ್ಚೋಣು," ಎಂದಳು.

"ಖಾಲಿ ಇಲ್ಲ!" ಅವರು ಚೀರಿದರು. ಅಷ್ಟು ವರ್ಷಗಳಲ್ಲಿ ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಖಾಲಿ ಇಲ್ಲವ್ವಾ ಶೈಲಾ. ಐತಿ. ಎಷ್ಟು ಐತಿ ಅಂತ ತಿಳೀವಲ್ದು, ಅಷ್ಟ."

ಅದೇ ನಮ್ಮ ಕೊನೆಯ ಭೇಟಿ. ಎರಡು ತಿಂಗಳಲ್ಲಿ ಅವರು ತೀರಿಹೋದರು, ಆ ವರ್ಷ ಎಷ್ಟು ಉಳಿದಿತ್ತೆಂದು ತಿಳಿಯದೆಯೇ. ಅಂದು ನಾನು ಹೊರಡಲು ಎದ್ದಾಗ ಮಾಸ್ತರರು ಕಿಟಕಿಯತ್ತ ಮುಖ ಮಾಡಿ ಕೂತಿದ್ದರು. ಇದ್ದಿಲು ಇನ್ನೂ ಬೆರಳ ನಡುವೆಯೇ ಇತ್ತು. ನಡುಗುವ ಕೈ ಮೇಜಿನ ಮೇಲೆ ತಾನಾಗಿಯೇ ಚುಕ್ಕೆಗಳನ್ನಿಡುತ್ತಿತ್ತು. ಅವರು ಇನ್ನೊಂದು ಕೈಯ ತೋಳಿನಿಂದ ಅವನ್ನು ಒರೆಸುತ್ತಿದ್ದರು. ಮತ್ತೆ ಬೀಳುತ್ತಿದ್ದವು, ಮತ್ತೆ ಒರೆಸುತ್ತಿದ್ದರು.