ಒದೆಯದ ತೋಟಾ

ಅಬುಧಾಬಿಯ ಶೂಟಿಂಗ್ ಕ್ಲಬ್ಬಿನಲ್ಲಿ ಗುರಿ ಕಲಿಸುವವನು ಉಳ್ಳಾಲದ ಬ್ಯಾರಿ. ರಿವಾಲ್ವರಿನ ಸಣ್ಣ ಮ್ಯಾಗ್ನಮ್ ತೋಟಾವೊಂದನ್ನು ನನ್ನ ಜೊತೆ ಬಂದಿದ್ದ ಅವ್ವನ ಅಂಗೈಯಲ್ಲಿಟ್ಟ. ಪೆನ್ಸಿಲಿನಷ್ಟೇ ದಪ್ಪ.

"ಸಣ್ಣದಾದ್ರೂ ಒಳ್ಳೆ ಜೋರುಂಟು ಅಮ್ಮ. ಒದೆಯುವುದು ಮಾತ್ರ ಕಮ್ಮಿ. ನೀವೂ ಹೊಡೀಬಹುದು."

ನಮ್ಮ ಕೊಡಗಿನಲ್ಲಿ ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಬಹಳ ಹಿಂದೆ ಒಮ್ಮೆ ಅವ್ವ ಹೊಡೆದಾಗ ಕೋವಿ ಒದ್ದ ರಭಸಕ್ಕೆ ಹಿಂದಕ್ಕೆ ಬಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಮೇಲೆ ಪ್ರತಿ ಹಬ್ಬಕ್ಕೂ ಕೋವಿಗೆ ಹೂವಿಟ್ಟಳೇ ಹೊರತು ಅದನ್ನು ಎತ್ತಲಿಲ್ಲ.

ಇಲ್ಲಿ ನಾನು ಆರು ಗುಂಡು ಹಾರಿಸಿದೆ. ಮಣಿಕಟ್ಟು ಒಂಚೂರು ಎದ್ದಿತು, ಅಷ್ಟೇ.

"ಈಗ ನೀನು ಹೊಡಿ ಅವ್ವ" ಎಂದೆ.

ಅವಳು ತೋಟಾ ವಾಪಸು ಕೊಡಲು ಕೈ ಚಾಚಿದಳು. ವಯಸ್ಸಿನ ನಡುಕಕ್ಕೆ ಅದು ಅಂಗೈಯಲ್ಲಿ ನಿಲ್ಲುತ್ತಿರಲಿಲ್ಲ.

"ಇಂಥದ್ದು ಆವತ್ತು ಸಿಗಬೇಕಿತ್ತು ಮಗ."