ಒಳಗೆ ಹಚ್ಚಿದ ಕುಂಕುಮ

ಜರ್ಮನಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಓದಲು ಅರ್ಜಿ ಹಾಕುತ್ತಿದ್ದೆ. ಆಗಿನ್ನೂ ಎಲ್ಲವೂ ಅಂಚೆಯಲ್ಲೇ ಹೋಗಬೇಕಿತ್ತು. ಅಂಕಪಟ್ಟಿಗಳನ್ನು ಕಾಲೇಜಿನವರೇ ಕವರಿನಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಮೊಹರು ಒತ್ತಿ ಕೊಡಬೇಕು. ಬಿಚ್ಚಿದ ಕವರು ನಡೆಯದು. ವಿಜಯವಾಡದ ಕಾಲೇಜಿನಿಂದ ಅದನ್ನು ಜೋಪಾನವಾಗಿ ವಿಶಾಖಪಟ್ಟಣದ ನಮ್ಮ ಕ್ವಾರ್ಟರ್ಸಿಗೆ ತಂದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಕವರು ಬಿಚ್ಚಿ, ಅಂಕಪಟ್ಟಿಗಳ ಮೂಲೆಮೂಲೆಗೂ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಿದ್ದಳು.

ಕೂಗಾಡಿದೆ.

"ಅಲ್ಲ ಕಣೇ, ಬರೀ ಕವರಿಗೆ ಹಚ್ಚಿದ್ರೆ ಒಳಗಿರೋದಕ್ಕೆ ಹೆಂಗೆ ತಾಗುತ್ತೆ?" ಎಂದಳು.

ಮರುದಿನ ಮತ್ತೆ ವಿಜಯವಾಡದ ರೈಲು ಹತ್ತಿದೆ. ಕಾಲೇಜಿನ ಗುಮಾಸ್ತರಿಗೆ ಹೇಳಲು ದಾರಿಯುದ್ದಕ್ಕೂ ಒಂದು ಸುಳ್ಳು ಹೊಸೆದಿದ್ದೆ. ಆ ಹಳದಿ ಮೂಲೆಗಳನ್ನು ಕಂಡ ಮೇಲೆ ಅವರು ಏನನ್ನೂ ಕೇಳಲಿಲ್ಲ. ಹೊಸ ಪ್ರತಿಗಳಿಗೆ ಸಹಿ ಹಾಕಿಸಿ ತಂದರು. ಮೇಜಿನ ಮೇಲಿದ್ದ ದುರ್ಗಮ್ಮನ ಪಟದ ಕುಂಕುಮವನ್ನು ಹೆಬ್ಬೆರಳಿಗೆ ತಾಗಿಸಿಕೊಂಡು, ಖಾಲಿ ಕವರಿನ ಒಳಮೈಗೆ ಒತ್ತಿದರು. ಆಮೇಲೆ ಹಾಳೆಗಳನ್ನಿಟ್ಟು ಅಂಟಿಸಿ ಮೊಹರು ಹಾಕಿದರು.

"ಒಳಗೇ ಹಚ್ಚಿದ್ದೀನಿ ಅಂತ ನಿಮ್ಮಮ್ಮಗಾರಿಗೆ ಹೇಳಮ್ಮಾ. ಇನ್ನು ಬಿಚ್ಚೋದು ಬೇಡ," ಎಂದರು ತೆಲುಗಿನಲ್ಲಿ.

ಸೀಟು ಸಿಕ್ಕಿತು. ಎಲ್ಲ ದೇವರ ದಯೆ ಎಂದು ಅಮ್ಮ ಕೈಮುಗಿದಾಗಲೆಲ್ಲ ನಾನೂ ಮುಗಿಯುತ್ತೇನೆ. ನನ್ನ ಕಣ್ಣಮುಂದೆ ಮಾತ್ರ ಆ ಕೆಂಪು ಹೆಬ್ಬೆರಳು.