ಕೂಳೆ ಗದ್ದೆಯ ಫೋಟೊ

ನನ್ನ ನಾದಿನಿ ಕಾವ್ಯಶ್ರೀಗೆ ಫೋನ್ ಕೈಯಲ್ಲಿದ್ದರೆ ಅನ್ನ ನೀರು ಬೇಡ. ಮಿರ್ಲೆಯ ನಮ್ಮ ಮನೆ ಜಗಲಿಯಲ್ಲೇ ಕೂತು ‘ಹೊಳೆಸಾಲು ಸುದ್ದಿ’ ಅನ್ನುವ ಪೇಜು ನಡೆಸುತ್ತಾಳೆ. ಎಲ್ಲಿ ಕರೆಂಟು ಹೋದರೂ, ಎಲ್ಲಿ ಚಿರತೆ ಕಂಡರೂ ಮೊದಲು ಇವಳಿಗೇ ಗೊತ್ತು.

“ಅತ್ತಿಗೆ, ಸುದ್ದಿ ಹೇಳೋರು ಓದೋರೇ ಕಣತ್ತಿಗೆ. ನಾನು ಬರೀ ಮೈಕ್ ಇಡ್ಕಂಡಿರೋಳು,” ಅನ್ನುತ್ತಿದ್ದಳು. ಮಾತಿಗೇನು, ಚೆನ್ನಾಗಿಯೇ ಇತ್ತು.

ಈ ದಸರೆಗೆ ಓದುಗರಿಗೊಂದು ಪಂದ್ಯ ಇಟ್ಟಳು: ರಜೆಯಲ್ಲಿ ಎಲ್ಲಿ ಸುತ್ತಿದಿರಿ, ಫೋಟೊ ಕಳಿಸಿ. ಗೊಂಬೆ ಕೂರಿಸಿದ ಮನೆ, ಮಾವಿನ ತೋರಣ ಕಟ್ಟಿದ ಟ್ರ್ಯಾಕ್ಟರು, ಬದುವಿನ ಮೇಲೆ ಜೋಳ ಸುಟ್ಟು ತಿನ್ನುವ ಮೊಮ್ಮಕ್ಕಳು, ಎಲ್ಲ ಬಂದವು. ವಿಜಯದಶಮಿಯ ಮಾರನೆಯ ಬೆಳಿಗ್ಗೆ ನಟರಾಜು ಅನ್ನುವವನೊಬ್ಬ ಚುಂಚನಕಟ್ಟೆಯ ಜಲಪಾತದಲ್ಲಿ ನಡುಬಂಡೆ ಮೇಲೆ ಕಾಲು ಚಾಚಿ ಕೂತ ಫೋಟೊ ಕಳಿಸಿ ‘ಇವತ್ತಿನದು’ ಎಂದು ಬರೆದಿದ್ದ. ಕಾವ್ಯಶ್ರೀ ಹಿಂದೆಮುಂದೆ ನೋಡದೆ ಹಾಕಿದಳು. ಸಾಲದ್ದಕ್ಕೆ ತಾನೂ ಒಂದು ಸಾಲು ಸೇರಿಸಿದಳು: ‘ನೀರು ಇಳಿದಿದೆ, ನೀವೂ ಬಂಡೆಗೆ ಹೋಗಿ ಬನ್ನಿ.’

ಮಧ್ಯಾಹ್ನ ನಾನು ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಕಾವ್ಯಶ್ರೀ ಫೋನ್ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಎದ್ದು ನಿಂತಳು. ಹುಣಸೂರಿನ ರಮ್ಯಾ ಎಂಬಾಕೆ ಕಾಮೆಂಟಿನಲ್ಲಿ ಫೋಟೊ ಹಾಕಿದ್ದಳು: ‘ಮೇಡಂ, ನಿಮ್ಮ ಪೇಜು ನೋಡಿ ಬಂದ್ವಿ, ಮಂಡಿಯುದ್ದ ನೀರು ದಾಟಿ ಬಂಡೆ ಹತ್ತಿದ್ವಿ.’ ಗಂಡ, ಹೆಂಡತಿ, ಎರಡು ಮಕ್ಕಳು. ಎರಡೂ ಕಡೆ ನೀರು ಹೊಸ ಮಳೆಯ ಮಣ್ಣಿಗೆ ಕೆಂಪಗಿತ್ತು. ಹಿಂದಿನ ಗದ್ದೆ ಹಸಿರಾಗಿತ್ತು.

ನಟರಾಜು ಕಳಿಸಿದ ಫೋಟೊದಲ್ಲಿ ಆ ಗದ್ದೆಯಲ್ಲಿ ಕೊಯ್ದ ಪೈರಿನ ಒಣ ಬುಡ, ಕೂಳೆ, ಬಿಟ್ಟರೆ ಏನೂ ಇರಲಿಲ್ಲ.

ಆಗ ಅವಳಿಗೆ ಭಾಗ್ಯಮ್ಮನ ನೆನಪಾಯಿತು. ಹೊಸ ಅಗ್ರಹಾರದ ಕಡೆಯ ನಾಟಿ ಹಾಕುವ ಹೆಂಗಸು. ಬರೆಯಲು ಬಾರದ್ದಕ್ಕೆ ದಿನಾ ವಾಯ್ಸ್ ಮೆಸೇಜು ಕಳಿಸುತ್ತಾಳೆ, ಒಂದೊಂದೂ ಮೂರು ನಿಮಿಷ, ಅದರಲ್ಲಿ ಎರಡು ನಿಮಿಷ ಮಂಡಿನೋವಿನ ಕಥೆ. ಬೆಳಿಗ್ಗೆ ಒಂಬತ್ತಕ್ಕೇ ಒಂದು ಬಂದಿತ್ತು. ಕಾವ್ಯಶ್ರೀ ಅದನ್ನು ಈಗ ಒತ್ತಿದಳು.

“ಆ ಪೋಟ ಈಗಿಂದಲ್ಲ ಕಣವ್ವ. ಇಂದ್ಗಡೆ ಗದ್ದೆ ನೋಡು, ಬರೀ ಕೂಳೆ ಅದೆ. ಈಗ ಭತ್ತ ಒಡೆ ಬಿಚ್ಚಿ ತೆನೆ ಬತ್ತಾ ಅದೆ. ಅದು ಬ್ಯಾಸ್ಗೇದು. ಕೊಡಗ್ನಲ್ಲಿ ಎಲ್ಡು ದಿನದಿಂದ ಮಳೆ ಉಯ್ತಾ ಅದಂತೆ, ಒಳೆ ಏರ್ತದೆ. ಜನಾನ ಕಳುಸ್ಬ್ಯಾಡ.”

ಮಿರ್ಲೆಯಲ್ಲಿ ಹುಟ್ಟಿ, ಗದ್ದೆ ಬಯಲಲ್ಲಿ ಬೆಳೆದವಳಿಗೆ ಕೂಳೆ ಕಾಣಲಿಲ್ಲ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಮೊದ್ಲು ಅದನ್ನ ಅಳ್ಸಾಕೇ,” ಎಂದು ಕೂಗಿದೆ.

“ಅಳ್ಸುದ್ರೆ ಆ ಯಮ್ಮನ ಕಾಮೆಂಟೂ ಓಗ್ತದೆ. ಅವರ್ನ ತಲುಪೋಕೆ ಬೇರೆ ದಾರಿಯಿಲ್ಲ ಅತ್ತಿಗೆ!”

ಕಾಮೆಂಟಿಗೆ ಉತ್ತರ ಬರೆದಳು. ರಮ್ಯಾ ನೋಡಲಿಲ್ಲ. ಕಾವ್ಯಶ್ರೀ ಲೈವ್ ಒತ್ತಿದಳು.

“ಬೆಳಿಗ್ಗೆ ಆಕಿದ್ ಫೋಟೊ ಹಳೇದು. ತಪ್ಪು ನಂದು. ಚುಂಚನಕಟ್ಟೆ ಬಂಡೆ ಮೇಲೆ ಮಕ್ಕಳವೆ, ನೀರು ಏರ್ತಾ ಅದೆ. ಹತ್ರ ಇರೋರು ಓಡ್ರಪ್ಪಾ, ಕೈ ಮುಗೀತೀನಿ!”

ನೋಡುವವರ ಸಂಖ್ಯೆ ಏರಿತು. ಬೈಗುಳವೂ ಬಂತು. ಪೊಲೀಸರಿಗೆ ಫೋನ್ ಮಾಡಿದ್ದೇನೆ ಎಂದೊಬ್ಬರು ಬರೆದರು. ನನ್ನ ಕೈಯಲ್ಲಿದ್ದ ಪಟ್ಟದ ರಾಣಿ ಗೊಂಬೆಯನ್ನು ಎಲ್ಲಿಟ್ಟೆನೋ ಗೊತ್ತಾಗಲಿಲ್ಲ. ಕೊನೆಗೆ ಒಂದು ಹೆಸರು ಕಂಡಿತು, ಶಿವಶಂಕರ. ಚುಂಚನಕಟ್ಟೆಯಲ್ಲೇ ಹೊಳೆ ಮೆಟ್ಟಿಲ ಬಳಿ ಜೋಳ ಸುಟ್ಟು ಮಾರುವವನು. ‘ಹಗ್ಗ ತಗೊಂಡು ಹೋಗ್ತಾ ಇದ್ದೀನಿ’ ಎಂದು ಬರೆದಿದ್ದ. ಆಮೇಲೆ ಇಪ್ಪತ್ತು ನಿಮಿಷ ಏನೂ ಇಲ್ಲ.

ಆಮೇಲೆ ಅವನ ಫೋಟೊ ಬಂತು. ಒದ್ದೆಯಾದ ನಾಲ್ಕು ಜನ ಮೆಟ್ಟಿಲ ಮೇಲೆ ಕೂತಿದ್ದರು, ಚಿಕ್ಕದು ಜೋಳ ಕಚ್ಚುತ್ತಿತ್ತು. ಹಿಂದೆ ಬಂಡೆಯೇ ಇರಲಿಲ್ಲ.

ಸಂಜೆ ಕಾವ್ಯಶ್ರೀ ಭಾಗ್ಯಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು. “ಅಮ್ಮಾ, ಬೆಳಿಗ್ಗೇನೇ ಹೇಳಿದ್ರಿ. ತಿರ್ಗಾ ಒಂದ್ಸಲ ಫೋನ್ ಮಾಡಬಾರದಿತ್ತಾ?”

“ಯಾಕ್ ಮಾಡ್ಲವ್ವ? ನೀನು ಕೈ ಮುಗ್ದಿರೋ ಚಿತ್ರ ಕಳ್ಸಿದ್ಯಲ್ಲ. ಕೇಳುಸ್ಕಂಡೆ ಅನ್ಕಂಡು ಸುಮ್ಕಾದೆ.”

ಭಾಗ್ಯಮ್ಮನ ಪ್ರತಿ ಮೆಸೇಜಿಗೂ, ಕೇಳಿಸಿಕೊಳ್ಳದೆಯೇ, ಕಾವ್ಯಶ್ರೀ ಆ ಕೈಮುಗಿದ ಚಿತ್ರವನ್ನೇ ಕಳಿಸುತ್ತಿದ್ದಳು. ಫೋನ್ ಕಿವಿಗಿಟ್ಟುಕೊಂಡೇ ಜೋರಾಗಿ ಅತ್ತುಬಿಟ್ಟಳು.